ಸುಗರಾಬಿಯ ಒಳ್ಳಿನಲ್ಲಿ ಕಪ್ಪು ಚಾಕೊಲೇಟು

ತಿಕೋಟಾದ ಸುಗರಾಬಿ ಶೇಂಗಾ ಚಟ್ನಿ ಕುಟ್ಟಲು ಕೂತಳೆಂದರೆ ಅತ್ತ ವಿಜಯಪುರದ ಗೋಳಗುಮ್ಮಟದೊಳಗೆ ಕಾವಲುಗಾರ ಸೀನುತ್ತಿದ್ದ. ನಡುವೆ ಇಪ್ಪತ್ತು ಕಿಲೋಮೀಟರ್ ದಾರಿಯಿದ್ದರೂ ಬೆಳ್ಳುಳ್ಳಿ, ಖಾರದ ಘಾಟಿಗೆ ಅದೇನೂ ದೂರವಾಗಿರಲಿಲ್ಲ. ಗುಮ್ಮಟದೊಳಗೆ ಒಂದು ಸೀನು ಏಳಾಗಿ ಮರಳುವುದರಿಂದ, ನೋಡಲು ಬಂದ ಪ್ರವಾಸಿಗರು ಊರಿಗೆಲ್ಲ ನೆಗಡಿ ಹತ್ತಿದೆಯೆಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಬೀಳುತ್ತಿದ್ದರು. ಇದರಲ್ಲಿ ತುಸು ಹೆಚ್ಚುಕಡಿಮೆ ಇದ್ದೀತು; ಸೀನು ಆರೇ ಸಲ ಮರಳಿರಬಹುದು. ಆದರೆ ಬಸ್ಸಿನಲ್ಲಿ ನಿದ್ದೆಹೋದವರು ಕಣ್ಣು ತೆರೆಯದೆ, ಬರೀ ಮೂಗನ್ನು ನಂಬಿ ತಿಕೋಟಾದಲ್ಲಿ ಇಳಿಯುತ್ತಿದ್ದುದಕ್ಕೆ ಇಡೀ ಬಸ್ಸೇ ಸಾಕ್ಷಿ.

ಸುಗರಾಬಿಗೆ ಅರವತ್ನಾಲ್ಕು ವರ್ಷ. ಅವಳ ಅಂಗಳದಲ್ಲಿ ಕುತ್ತಿಗೆಮಟ ಹುಗಿದ ಕರಿಕಲ್ಲಿನ ಒರಳೊಂದಿತ್ತು. ಅಲ್ಲಿನವರ ಬಾಯಲ್ಲಿ ಅದು ಒಳ್ಳು. ಮದುವೆಯಾಗಿ ಬಂದ ಮೂರನೆಯ ದಿನ ಅತ್ತೆ ರಾಜಬಿ ಸೊಸೆಯ ಕೈಗೆ ಒನಕೆ ಕೊಟ್ಟು, ಶೇಂಗಾ ಎಣ್ಣೆ ಬಿಡುವತನಕ ಕೈ ಬಿಡಬಾರದು ಅಂದಿದ್ದಳು. ಅಂದಿನಿಂದ ನಲವತ್ತೆರಡು ವರ್ಷ ಸುಗರಾಬಿ ಕೈ ಬಿಟ್ಟಿರಲಿಲ್ಲ. ಮನೆಮನೆಗೆ ಮಿಕ್ಸಿ ಬಂದವು. ಅವುಗಳಲ್ಲಿ ಚಟ್ನಿ ಪುಡಿಯಾಗುತ್ತಿತ್ತು, ಅಷ್ಟೇ. ಸುಗರಾಬಿಯದು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತಿತ್ತು, ಬಿಟ್ಟರೆ ಅಂಗೈ ಹೊಳೆಯುತ್ತಿತ್ತು. ಅದರ ಗುಟ್ಟಿನಲ್ಲಿ ಅರ್ಧ ಅವಳ ರಟ್ಟೆಯದು, ಅರ್ಧ ಆ ಕಲ್ಲಿನದು. ನಲವತ್ತೆರಡು ವರ್ಷದ ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ ಕುಡಿದು ಕುಡಿದು ಕಲ್ಲೇ ಚಟ್ನಿಯಾಗಿಹೋಗಿತ್ತು. ಖಾಲಿ ಒಳ್ಳಿಗೆ ಒಣ ರೊಟ್ಟಿ ಒರೆಸಿ ಉಂಡು ತೇಗಿದವರಿದ್ದರು.

ಎದುರು ಮನೆಯವಳು ಶಂಕ್ರೆವ್ವ. ಅವಳ ಖಡಕ್ ರೊಟ್ಟಿ ಎಷ್ಟು ತೆಳುವೆಂದರೆ ಅದನ್ನು ಪತ್ರಿಕೆಯ ಮೇಲಿಟ್ಟು ಸುದ್ದಿ ಓದಬಹುದಿತ್ತು; ಮುರಿದರೆ ಸಪ್ಪಳ ಆಚೆ ಊರು ಕಳ್ಳಕವಟಗಿಗೆ ಕೇಳುತ್ತಿತ್ತು. ಯುಗಾದಿಗೆ ಮುಂಚೆ ದೇವರ ಕಂಬಿಯನ್ನು ಹೆಗಲ ಮೇಲೆ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ಶಂಕ್ರೆವ್ವ ರೊಟ್ಟಿಯ ಗಂಟು ಕಟ್ಟಿಕೊಡುವುದು, ಆ ಗಂಟಿನಲ್ಲಿ ಸುಗರಾಬಿಯ ಚಟ್ನಿ ಇರುವುದು ಮೂವತ್ತು ವರ್ಷದಿಂದ ನಡೆದುಬಂದ ಪದ್ಧತಿ. ಇಬ್ಬರೂ ದಿನಕ್ಕೊಂದು ಸಲ ಜಗಳಾಡುತ್ತಿದ್ದರು. ಜಗಳವಿಲ್ಲದ ದಿನ ಓಣಿಯವರು ಯಾರಿಗೆ ಮೈಯಲ್ಲಿ ಹುಷಾರಿಲ್ಲವೆಂದು ವಿಚಾರಿಸಲು ಬರುತ್ತಿದ್ದರು.

ಇಷ್ಟು ಹೆಸರು ಮಾಡಿದ ಸುಗರಾಬಿ ತನ್ನ ಚಟ್ನಿಯನ್ನು ತಾನು ಉಣ್ಣುವುದು ಬಿಟ್ಟು ಆರು ವರ್ಷವಾಗಿತ್ತು. ಹೊಟ್ಟೆಯ ಉರಿಗೆ ಡಾಕ್ಟರರು ಖಾರ ಬಿಡಿಸಿದ್ದರು. ಉಪ್ಪು ನೋಡಲು ಬೆರಳ ತುದಿ ನಾಲಿಗೆಗೆ ತಾಗಿಸುವುದೊಂದೇ ಅವಳ ಪಾಲು. ತುತ್ತೆಲ್ಲ ಊರಿನದು.

ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳು ಸೈಮಾ ಒಂದು ಡಾರ್ಕ್ ಚಾಕೊಲೇಟ್ ತಂದಳು. ಸೈಮಾ ವಿಜಯಪುರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕಿದ್ದು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅಲ್ಲಿ ಯಾರೋ ಹುಟ್ಟುಹಬ್ಬಕ್ಕೆ ಹಂಚಿದ್ದು. ಒಂದು ಚೌಕ ಬಾಯಿಗಿಟ್ಟು, ಮುಖ ಹಿಂಡಿ, ಉಳಿದುದನ್ನು ಮನೆಗೆ ಹೊತ್ತು ತಂದಿದ್ದಳು.

"ಭಾಳ ಕಹಿ ಐತಿ ದಾದಿ. ಹಸಿ ಮೆಂತ್ಯೆಪಲ್ಲೆ ತಿನ್ನಾಕಿ ನೀನು, ನಿನಗ ಸರಿ ಆಗತೈತಿ," ಅಂದಳು.

ಸುಗರಾಬಿ ಒಂದು ಚೌಕ ಮುರಿದು ನಾಲಿಗೆಯ ಮೇಲಿಟ್ಟಳು. ಮೊದಲು ನಾಲಿಗೆ ಏನೂ ಹೇಳಲಿಲ್ಲ. ಆಮೇಲೆ ಕಹಿ ಬಂತು. ಹೇಳದೆ ಬಂದ ಬೀಗನಂತೆ ನಡುಮನೆಯಲ್ಲೇ ಕೂತುಬಿಟ್ಟಿತು. ಈಗ ಏಳುತ್ತದೆ, ಆಗ ಏಳುತ್ತದೆ ಎಂದು ಕಾದಳು. ಅದು ಏಳಲಿಲ್ಲ. ಅದರ ಬೆನ್ನಿಗೆ ಹುರಿದ ಕಾಳಿನ ವಾಸನೆ ಬಂತು, ಅದರ ಹಿಂದೆ ಹಣ್ಣಿನದೊಂದು ಹುಳಿ, ಕಟ್ಟಕಡೆಗೆ ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ ಮದುಮಗಳಂತೆ ಚೂರೇ ಚೂರು ಸಿಹಿ. ಹಲ್ಲು ಹಚ್ಚುವುದು ಮರ್ಯಾದೆಯಲ್ಲವೆಂದು ಅವಳಿಗೆ ತಾನಾಗಿ ತಿಳಿಯಿತು. ಆ ಒಂದು ಚೌಕ ಕರಗುವಷ್ಟರಲ್ಲಿ ಬಸ್ಸೊಂದು ಕನಮಡಿಗೆ ಹೋಗಿ ತಿರುಗಿ ಬಂದಿತ್ತು.

"ಇದನ್ನ ಕುಟ್ಟಿದಾಕಿ ಯಾರ ಬೇ?" ಎಂದು ಕೊನೆಗೆ ಕೇಳಿದಳು. "ನಡುವ ಕೈ ಬಿಟ್ಟಿಲ್ಲ ನೋಡು ಆಕಿ."

ಕುಟ್ಟುವುದಲ್ಲ, ಮಷೀನು ಎಂದು ಸೈಮಾ ನಕ್ಕು, ಫೋನಿನಲ್ಲಿ ನೋಡಿ ವಿವರ ಓದಿದಳು. ಕೋಕೋ ಎಂಬ ಬೀಜವನ್ನು ಹುರಿಯಬೇಕು, ಸಿಪ್ಪೆ ತೆಗೆದು ಕೇರಬೇಕು, ಆಮೇಲೆ ಅದು ತನ್ನ ಎಣ್ಣೆ ತಾನು ಬಿಟ್ಟು ಹರಿಯುವತನಕ ಅರೆಯಬೇಕು.

ಸುಗರಾಬಿ ಮೊಮ್ಮಗಳನ್ನು ದಿಟ್ಟಿಸಿದಳು. "ಹಂಗಾರ ಇದು ಚಟ್ನೀನ ಅಲ್ಲೇನು?"

ಅಂದಿನಿಂದ ಮುದುಕಿಗೆ ಕಪ್ಪು ಚಾಕೊಲೇಟಿನ ಹುಚ್ಚು ಹಿಡಿಯಿತು. ಉಳಿದ ಚೌಕಗಳನ್ನು ದಿನಕ್ಕೆ ಉಗುರಿನಷ್ಟು ತಿಂದಳು. ತಿಕೋಟಾದ ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ಹಾಲು ಸಕ್ಕರೆಯ ಚಾಕೊಲೇಟು. ಅದನ್ನು ಅವಳು ಬೆಲ್ಲಕ್ಕೆ ಮಸಿ ಬಳಿದದ್ದು ಎಂದು ಕರೆದಳು. ಕೊನೆಗೆ, ಕುಟ್ಟುವುದೇ ಆದರೆ ತನಗಿಂತ ಚೆನ್ನಾಗಿ ಮಷೀನು ಕುಟ್ಟುತ್ತದೆಯೇ ಎಂಬ ಹಟ ಹುಟ್ಟಿತು. ಊರಿನ ಶಾಲೆಯ ವಿಜಯಲಕ್ಷ್ಮೀ ಟೀಚರು ಪುತ್ತೂರು ಕಡೆಯವರು; ಅಲ್ಲಿ ಅಡಿಕೆ ತೋಟದ ನಡುವೆ ಕೋಕೋ ಬೆಳೆಯುತ್ತಾರೆ. ಊರಿಗೆ ಹೋದಾಗ ಕೋಕೋ ಬೀಜ ತರಬೇಕೆಂದು ಅವರ ಬೆನ್ನುಹತ್ತಿದಳು. ಟೀಚರು ಸಂಕ್ರಾಂತಿ ಮುಗಿಸಿ ಬರುವಾಗ ಐದು ಕಿಲೋ ಹೊತ್ತು ತಂದರು.

ಒಂದು ಕಿಲೋ ಬೀಜವನ್ನು ಸುಗರಾಬಿ ಶೇಂಗಾ ಹುರಿಯುವ ಬಾಣಲೆಯಲ್ಲೇ ಹುರಿದಳು. ಎಷ್ಟು ಹೊತ್ತು ಎಂದು ಸೈಮಾ ಫೋನು ನೋಡುತ್ತಿದ್ದರೆ ಇವಳು ಕಿವಿಗೊಟ್ಟು, ಸಿಪ್ಪೆ ಚಟಚಟ ಎಂದದ್ದೇ ಇಳಿಸಿದಳು. ಅಂಗೈಯಲ್ಲಿ ತಿಕ್ಕಿ ಮೊರದಲ್ಲಿ ಕೇರಿದಳು. ಒಳ್ಳಿನಲ್ಲಿ ಕೆಂಡದ ಬೋಗುಣಿ ಇಟ್ಟು ಕಲ್ಲು ಬೆಚ್ಚಗೆ ಮಾಡಿ, ಬೀಜ ಸುರಿದು ಒನಕೆ ಹಿಡಿದಳು. ಒಂದು ತಾಸಿಗೆ ಪುಡಿಯಾಯಿತು. ಎರಡನೆಯ ತಾಸಿಗೆ ಮುದ್ದೆಯಾಯಿತು. ಮೂರನೆಯ ತಾಸಿಗೆ ಅದು ಸಡಿಲಾಗಿ, ಹೊಳೆದು, ಹರಿಯತೊಡಗಿತು. ಸಕ್ಕರೆ ಪುಡಿ ಕಂಡೂಕಾಣದಷ್ಟು ಬೆರೆಸಿ ಮತ್ತೆ ಕುಟ್ಟಿ, ತಿಕೋಟಾದ ಒಣದ್ರಾಕ್ಷಿ ಉದುರಿಸಿ, ಪರಾತದಲ್ಲಿ ಹರವಿ ಚಳಿಗೆ ಇಟ್ಟಳು. ಮರುದಿನ ಮುಂಜಾನೆ ಅದು ಟಕ್ಕೆಂದು ಮುರಿಯಿತು.

ರುಚಿ ನೋಡಲು ಸೈಮಾ, ಟೀಚರು, ಶಂಕ್ರೆವ್ವ ಮೂವರೂ ಬಂದರು. ಮೂವರೂ ಬಾಯಿಗಿಟ್ಟರು. ಸೈಮಾ ಕಣ್ಣು ಮುಚ್ಚಿದಳು, ಆನಂದಕ್ಕಲ್ಲ. ಟೀಚರು ಮರ್ಯಾದಸ್ಥರು, ಬಣ್ಣ ಬಹಳ ಚೆನ್ನಾಗಿದೆ ಅಂದರು. ಶಂಕ್ರೆವ್ವನಿಗೆ ಆ ತಾಪತ್ರಯವಿರಲಿಲ್ಲ.

"ತಡೀ, ಒಂದ ರೊಟ್ಟಿ ತರ್ತೀನಿ ಇದಕ್ಕ," ಅಂದಳು.

ನಲವತ್ತೆರಡು ವರ್ಷದ ಬೆಳ್ಳುಳ್ಳಿ ಕೋಕೋದ ಎಣ್ಣೆಯಲ್ಲಿ ಮೈತುಂಬ ಸ್ನಾನ ಮಾಡಿ ಎದ್ದು ಬಂದಿತ್ತು. ಕೆಂಡವಿಟ್ಟು ಕಲ್ಲು ಕಾಯಿಸಿದ್ದು ಅದಕ್ಕೆ ಇನ್ನಷ್ಟು ಅನುಕೂಲವಾಗಿತ್ತು.

ಆಮೇಲಿನ ಎಂಟು ದಿನ ಸುಗರಾಬಿ ಆ ಒಳ್ಳಿಗೆ ಮಾಡಿದ ಆರೈಕೆಯನ್ನು ಬಾಣಂತಿಗೂ ಯಾರೂ ಮಾಡಿರಲಾರರು. ಬೂದಿಯಲ್ಲಿ ತಿಕ್ಕಿದಳು, ಹುಣಸೆಹಣ್ಣಿನಲ್ಲಿ ತಿಕ್ಕಿದಳು, ಮಜ್ಜಿಗೆ ತುಂಬಿಟ್ಟಳು, ಲೋಬಾನದ ಹೊಗೆ ಹಾಕಿದಳು. ಇಪ್ಪತ್ತು ನಿಂಬೆಹಣ್ಣು ಹಿಂಡಿದ ದಿನ ಒಳ್ಳಿನಿಂದ ನಿಂಬೆ ಉಪ್ಪಿನಕಾಯಿಯ ವಾಸನೆ ಬಂತು. ಬೆಳ್ಳುಳ್ಳಿ ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ.

ಉಳಿದದ್ದು ಒಂದೇ ದಾರಿ. ಬಬಲೇಶ್ವರದ ಕಲ್ಲುಕುಟಿಗ ಶಿವಲಿಂಗ ಮೊದಲು ಊರೂರು ತಿರುಗಿ ಬೀಸುಕಲ್ಲಿಗೆ ಉಳಿ ಹಾಕಿಕೊಡುತ್ತಿದ್ದವನು, ಈಗ ಟೈಲ್ಸ್ ಕೂರಿಸುವವನು. ಹೇಳಿಕಳಿಸಿದ ಮೇಲೆ ಬಂದು, ಒಳ್ಳಿನ ಸುತ್ತ ಕೈಯಾಡಿಸಿ, ಮೂಗು ಮುಚ್ಚಿಕೊಂಡು, ಆಮೇಲೆ ಮಾತಾಡಿದ.

"ಬೆರಳಿನಷ್ಟು ದಪ್ಪ ಕಡದ ತಗದ್ರ ವಾಸನಿ ಹೋಗತೈತ್ರಿ ಅವ್ವಾರ. ಆದ್ರ ನಿಮ್ಮ ಚಟ್ನೀನೂ ಅದರ ಕೂಡ ಹೋಗತೈತಿ. ನಲವತ್ತ ವರ್ಷದ್ದನ್ನ ತಿರುಗಿ ಹಚ್ಚಿ ಕೊಡಾಕ ನನ್ನ ಕೈಲೆ ಆಗೂದಿಲ್ಲ. ವಿಚಾರ ಮಾಡ್ರಿ."

ಸುದ್ದಿ ಕೇಳಿ ಶಂಕ್ರೆವ್ವ ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿ ಬಂದಳು. "ಬಾಯಿ ಚಪಲಕ್ಕ ಕಲ್ಲ ಕಡಸ್ತೀಯೇನ್ ಬೇ, ಈ ವಯಸ್ಸಿನಾಗ? ಕಂಬಿ ಹೊತ್ತವರಿಗೆ ಬರೇ ರೊಟ್ಟಿ ಕಟ್ಟಿ ಕಳಸ್ಲೇನ ನಾ?"

ಸುಗರಾಬಿ ಎರಡು ದಿನ ವಿಚಾರ ಮಾಡಿದಳು. ಒಳ್ಳಿನ ಅಂಚಿಗೆ ಕೂತು ಒಳಗೆ ಕೈ ಹಾಕಿದರೆ ಕಲ್ಲು ನುಣ್ಣಗೆ, ಎಣ್ಣೆಯಾಗಿ, ಸಾಕಿದ ಎಮ್ಮೆಯ ಬೆನ್ನಿನಂತೆ ಕೈಗೆ ತಗಲುತ್ತಿತ್ತು. ಸುಗರಾಬಿ ಅಂದರೆ ಊರಿಗೆ ಈ ಕಲ್ಲೇ. ಇದು ಹೋದರೆ ಅವಳು ಕೂಡ ಓಣಿಯ ಇನ್ನೊಬ್ಬ ಮುದುಕಿ, ಅಷ್ಟೇ. ಆದರೆ ಊರವರು ಬೆರಳು ಚೀಪುವುದನ್ನು ಆರು ವರ್ಷ ನೋಡುತ್ತ ಕೂತವಳಿಗೆ, ತನ್ನ ಕೈಯಿಂದ ತನ್ನ ಬಾಯಿಗೆ ಬರುವಂಥದೊಂದು ಕಣ್ಣೆದುರು ಬಂದಿತ್ತು. ಸೈಮಾ ತಂದದ್ದರಲ್ಲಿ ಕೊನೆಯ ಒಂದು ಚೂರು ಡಬ್ಬಿಯಲ್ಲಿತ್ತು. ಮೂರನೆಯ ದಿನ ಅದನ್ನು ಬಾಯಲ್ಲಿಟ್ಟು, ಪೂರ್ತಿ ಕರಗುವವರೆಗೆ ಕೂತಳು. ಕರಗಿದ ಮೇಲೆ ಶಿವಲಿಂಗನಿಗೆ ಹೇಳಿದ್ದು ಒಂದೇ ಮಾತು.

"ಹೊಡಿ."

ಉಳಿ ಬಿದ್ದಾಗ ಎದ್ದ ಧೂಳಿಗೆ ಭೂತನಾಳ ಕೆರೆಯ ಮೀನುಗಳೂ ಕೆಮ್ಮಿದವಂತೆ. ಸಿಡಿದ ಚಕ್ಕೆಗಳನ್ನು ಓಣಿಯ ಹೆಂಗಸರು ಆರಿಸಿ ಒಯ್ದರು. ಒಂದೊಂದು ಚಕ್ಕೆ ಬ್ಯಾಳಿಯಲ್ಲಿ ಕುದಿಸಿದರೆ ವಾರವಿಡೀ ಒಗ್ಗರಣೆ ಬೇಡವಾಗಿತ್ತು. ಸುಗರಾಬಿ ಮಾತ್ರ ಅತ್ತ ನೋಡದೆ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸಂಜೆ ಹೊರಗೆ ಬಂದಾಗ ಕಲ್ಲು ಹಸುಗೂಸಿನ ಮೊದಲ ಹಲ್ಲಿನಂತೆ ಬೆಳ್ಳಗಿತ್ತು. ನಾಲ್ಕು ದಿನ ಅಕ್ಕಿನುಚ್ಚು ಅರೆದು ಅರೆದು ಕಲ್ಲಿನ ಪುಡಿ ಕಳೆದಳು. ಜಾಲಿಯ ಹೊಸ ಒನಕೆ ಮಾಡಿಸಿದಳು. ಐದನೆಯ ದಿನ ಬೀಜ ಹುರಿದಳು.

ಈ ಸಲ ಟಕ್ಕೆಂದು ಮುರಿದ ಚೂರನ್ನು ಅವಳು ಯಾರಿಗೂ ಮೊದಲು ಕೊಡಲಿಲ್ಲ. ತಾನೇ ಬಾಯಿಗಿಟ್ಟಳು. ಕಹಿ ಬಂತು, ಹುರಿದ ವಾಸನೆ ಬಂತು, ಹುಳಿ ಬಂತು. ನಡುವೆ ಒಣದ್ರಾಕ್ಷಿಯೊಂದು ಹಲ್ಲಿಗೆ ಸಿಕ್ಕಿ, ತಿಕೋಟಾದ ಬಿಸಿಲೆಲ್ಲ ಒಮ್ಮೆಲೆ ಬಾಯಲ್ಲಿ ಒಡೆಯಿತು. ಮಷೀನಿನದಷ್ಟು ನುಣುಪಿರಲಿಲ್ಲ, ನಾಲಿಗೆಗೆ ಸಣ್ಣ ತರಿ ತಗಲುತ್ತಿತ್ತು. ತರಿಯೂ ತನ್ನದೇ ಎಂದುಕೊಂಡು ಸುಗರಾಬಿ ಒಬ್ಬಳೇ ನಕ್ಕಳು. ಸೈಮಾ ನಾಲ್ಕು ತುಂಡು ತಿಂದಳು. ಟೀಚರು ಬಣ್ಣದ ಮಾತೆತ್ತಲಿಲ್ಲ. ಪರಾತವನ್ನೇ ತಮ್ಮತ್ತ ಎಳೆದುಕೊಂಡರು. ಓಣಿಯ ಅರ್ಧ ಜನ ಉಗುಳಿದರು, ಉಳಿದರ್ಧ ಎರಡನೆಯ ಸಲ ಕೈ ಚಾಚಿದರು. ಸಂಜೆಗೆ ಉಗುಳಿದವರಲ್ಲಿಯೂ ಕೆಲವರು ಇನ್ನೊಮ್ಮೆ ಉಗುಳಿ ನೋಡುತ್ತೇವೆಂದು ತಿರುಗಿ ಬಂದರು.

ಬರದವಳು ಶಂಕ್ರೆವ್ವ ಒಬ್ಬಳೇ. ಉಳಿ ಬಿದ್ದ ದಿನದಿಂದ ಅವಳು ಮಾತು ಬಿಟ್ಟಿದ್ದಳು. ಜಗಳವನ್ನೂ ಬಿಟ್ಟಿದ್ದಳೆಂಬುದು ಸುಗರಾಬಿಗೆ ಹೆಚ್ಚು ಹೆದರಿಕೆ ತಂದಿತ್ತು. ಹನ್ನೊಂದು ದಿನ ಕಾದು, ಹನ್ನೆರಡನೆಯ ದಿನ ತಟ್ಟೆಯಲ್ಲಿ ನಾಲ್ಕು ತುಂಡಿಟ್ಟುಕೊಂಡು ಸುಗರಾಬಿಯೇ ರಸ್ತೆ ದಾಟಿದಳು. ಶಂಕ್ರೆವ್ವ ರೊಟ್ಟಿ ಬಡಿಯುತ್ತಿದ್ದಳು, ತಲೆಯೆತ್ತಲಿಲ್ಲ. ಸುಗರಾಬಿ ಒಂದು ತುಂಡನ್ನು ಅವಳ ತುಟಿಗೆ ಹಿಡಿದು ನಿಂತಳು. ಕೈ ಸೋಲುವಷ್ಟು ಹೊತ್ತು ನಿಂತ ಮೇಲೆ ಬಾಯಿ ತೆರೆಯಿತು.

"ಕಹಿ ಐತಿ," ಅಂದಳು ಶಂಕ್ರೆವ್ವ.

"ತಡಿ."

ತವೆಯ ಮೇಲಿನ ರೊಟ್ಟಿ ಕಪ್ಪಾಯಿತು. ಶಂಕ್ರೆವ್ವನ ಕೈಯಿಂದ ರೊಟ್ಟಿ ಕಪ್ಪಾದದ್ದು ಅದೇ ಮೊದಲು. ಅವಳು ಅದನ್ನು ತೆಗೆದು ಬದಿಗೆಸೆದು, ಬಾಯಿ ಒರೆಸಿಕೊಂಡು, ಚಟ್ನಿಯ ಗತಿಯೇನು ಎಂದು ಕೇಳಿದಳು.

"ನಿನ್ನ ಹಿತ್ತಲದಾಗ ಒಂದ ಒಳ್ಳ ಬಿದ್ದೈತಲ್ಲ," ಅಂದಳು ಸುಗರಾಬಿ.

ಇತ್ತು. ಕರುವಿಗೆ ನೀರು ಇಡಲು ಅದು ಬಳಕೆಯಾಗುತ್ತಿದ್ದುದರಿಂದ, ಉಳಿ ಬೀಳುವ ಮುಂಚೆ ಅದೂ ಒಂದು ಒಳ್ಳೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಇಬ್ಬರೂ ಸೇರಿ ಅದನ್ನು ತೊಳೆದು ನಿಲ್ಲಿಸಿದರು. ಮಾರ್ಚಿನಲ್ಲಿ ಕಂಬಿಯವರು ಹೊರಡುವ ವಾರ ಸುಗರಾಬಿ ಅದರಲ್ಲಿ ಚಟ್ನಿ ಕುಟ್ಟಿದಳು. ಅದೇ ಶೇಂಗಾ, ಅದೇ ಬೆಳ್ಳುಳ್ಳಿ, ಅದೇ ಕೈ. ಆದರೂ ಅದು ದವಾಖಾನೆಯ ಪಥ್ಯದ ಊಟದಂತೆ ಸಪ್ಪಗಿತ್ತು. ಕಂಬಿಯವರು ಸೌಮ್ಯ ಜನ; ದೂರಲಿಲ್ಲ. ಬೆರಳ ತುದಿಯಲ್ಲಿ ರುಚಿ ನೋಡಿ, ಈ ವರ್ಷ ಸುಗರವ್ವನ ಆರೋಗ್ಯ ಹೇಗಿದೆ ಎಂದಷ್ಟೇ ವಿಚಾರಿಸಿ ಗಂಟು ಹೊತ್ತು ಹೊರಟರು.

ಆ ಮಾತು ಸುಗರಾಬಿಗೆ ಚುಚ್ಚಿತು. ಅವರು ತಿರುವಿನಲ್ಲಿ ಮರೆಯಾದ ಮೇಲೂ ಹಿತ್ತಲಲ್ಲಿ ಆ ಒಳ್ಳಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಳಗೆ ಕೈಯಾಡಿಸಿದಳು. ಕಲ್ಲು ಇನ್ನೂ ಒರಟು, ಇನ್ನೂ ಏನೂ ಕುಡಿದಿಲ್ಲ.

"ಈ ಕಲ್ಲಿಗೆ ಹತ್ತ ವರ್ಷ ಬೇಕ, ಶಂಕ್ರೆವ್ವ," ಅಂದಳು.

ಶಂಕ್ರೆವ್ವ ಬೆರಳು ಮಡಚಿ ಇಬ್ಬರ ವಯಸ್ಸನ್ನೂ ಲೆಕ್ಕ ಹಾಕಿದಳು. ಲೆಕ್ಕ ಮುಗಿದದ್ದೇ ಕೈ ಕೊಡವಿಕೊಂಡಳು.

"ಹಂಗಾರ ಕುಂತೀಯಾಕ? ನಾಳೆ ಮುಂಜಾನೆ ಶೇಂಗಾ ಹುರದ ಇಟ್ಟಿರ್ತೀನಿ, ಏಳಕ್ಕ ಬಾ. ಬರೂಮುಂದ ಫ್ರಿಜ್ಜಿನಾಗಿಂದ ಆ ಕಹೀದು ಎರಡ ತುಂಡ ತಾ. ಒಂದ ಸಾಲೂದಿಲ್ಲ ನನಗ."

ಸುಗರಾಬಿ ಮೂರು ತಂದಳು.