ದೊಡ್ಡಪ್ಪನ ಭಾನುವಾರದ ಸಿನಿಮಾ

ಬೂಷ್ಟು ಹಿಡಿದ ವೀಡಿಯೋ ಕ್ಯಾಸೆಟ್ಟಿಗೆ ಒಂದು ವಾಸನೆ ಇರುತ್ತದೆ. ಒದ್ದೆ ರಟ್ಟಿನದೋ ಹಳೆಯ ಚಪ್ಪಲಿಯದೋ ಎಂದು ಹೇಳಲಾಗದಂಥದ್ದು. ಮೊನ್ನೆ ಮೂಡಿಗೆರೆ ಹತ್ತಿರದ ದೊಡ್ಡಪ್ಪನ ಎಸ್ಟೇಟ್ ಬಂಗಲೆ ಖಾಲಿ ಮಾಡುವಾಗ ಕಪಾಟಿನೊಳಗಿಂದ ಆ ವಾಸನೆ ಬಂತು. ಬಾಗಿಲು ಮುಚ್ಚಿಬಿಟ್ಟೆ...

ತೊಂಬತ್ತರ ದಶಕದಲ್ಲಿ ನಾನು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದೆ. ಭಾನುವಾರ ಬಂತೆಂದರೆ ದೊಡ್ಡಪ್ಪನ ಮನೆ. ಊಟವಾದ ಮೇಲೆ ಅವರು ಕಿಟಕಿ ಪರದೆ ಎಳೆದು ಹಳೆಯ ಕಪ್ಪು-ಬಿಳುಪು ಚಿತ್ರ ಹಾಕುತ್ತಿದ್ದರು. ಹೆಚ್ಚಿನವು ಮನಸ್ಸು ಕದಡುವಂಥವು. ಅವರಷ್ಟು ಚೆನ್ನಾಗಿ ಸಿನಿಮಾ ನೋಡುವವರನ್ನು ನಾನು ಆಮೇಲೆ ಕಂಡಿಲ್ಲ. ಟೇಪು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ನೆರಳು ಎಲ್ಲಿಂದ ಬಿತ್ತು, ಸಂಗೀತ ಎಲ್ಲಿ ನಿಂತಿತು ಎಂದು ತೋರಿಸುತ್ತಿದ್ದರು. "ಬಾಗ್ಲ ಹಿಂದೆ ಏನೂ ಇರ್ಲಿಲ್ಲ ನೋಡು. ಇದೆ ಅಂದ್ಕೊಂಡಿದ್ದು ನೀನು," ಎನ್ನುತ್ತಿದ್ದರು.

ದೊಡ್ಡಮ್ಮನಿಗೆ ಆ ಚಿತ್ರಗಳೆಂದರೆ ಜೀವ ಹೋಗುವಷ್ಟು ಭಯ. ಎದ್ದು ಹೋಗಲು ದೊಡ್ಡಪ್ಪ ಬಿಡುತ್ತಿರಲಿಲ್ಲ. ಹೆದರುವ ದೃಶ್ಯ ಬಂದಾಗ ಟಿ.ವಿ. ಬಿಟ್ಟು ಹೆಂಡತಿಯ ಮುಖ ನೋಡುತ್ತಿದ್ದರು. ಚಿತ್ರ ಗೆದ್ದಿದೆಯೋ ಇಲ್ಲವೋ ಇವಳ ಮುಖದಲ್ಲೇ ಗೊತ್ತಾಗುತ್ತದೆ ಎಂದು ಬಂದ ನೆಂಟರಿಗೂ ತೋರಿಸುತ್ತಿದ್ದರು. ನೆಂಟರು ನಗುತ್ತಿದ್ದರು.

ಒಂದು ಭಾನುವಾರ ವೀಡಿಯೋ ಲೈಬ್ರರಿಯವನು ತಪ್ಪಿ ಬೇರೆ ಕ್ಯಾಸೆಟ್ ಕಳಿಸಿದ್ದ. ದೆವ್ವದ ಹಾಸ್ಯಚಿತ್ರ. ಸತ್ತ ಮುದುಕಿಯೊಬ್ಬಳು ಮನೆಯವರನ್ನು ಹೆದರಿಸಲು ಪಡಬಾರದ ಪಾಡು ಪಡುತ್ತಾಳೆ. ಯಾರೂ ಹೆದರುವುದಿಲ್ಲ, ಅವಳಿಗೇ ಕೆಲಸ ಹೇಳುತ್ತಾರೆ. ದೊಡ್ಡಮ್ಮ ಮೊದಲು ಸೆರಗು ಅಡ್ಡ ಹಿಡಿದು ನಕ್ಕರು, ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕಿ ಗೋಡೆಯೊಳಗೆ ನುಗ್ಗಲು ಹೋಗಿ ಸಿಕ್ಕಿಕೊಂಡಾಗ ನನ್ನ ಕಡೆ ತಿರುಗಿ, "ಪಾಪ ಮಾರಾಯ್ತಿ, ಅವ್ಳಿಗೆ ದೆವ್ವ ಆಗೋಕೂ ಬರ್ಲಿಲ್ಲ ನೋಡು," ಎಂದರು. ಆ ಚಿತ್ರವನ್ನು ಸರಿಯಾಗಿ ನೋಡಿದವರು ಅವರೊಬ್ಬರೇ ಇರಬೇಕು.

ದೊಡ್ಡಪ್ಪ ಟೇಪು ನಿಲ್ಲಿಸಿದರು. ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಅವರಿಬ್ಬರಿಗೆ ಹುಟ್ಟಿದ್ದು ಒಂದೇ ಮಗು, ಹೆಣ್ಣು. ಮಾತು ಕಲಿಯುವ ಹೊತ್ತಿಗೆ ಜ್ವರ ಬಂದು ತೀರಿಕೊಂಡಿತ್ತು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

"ನಮ್ಮ ಪುಟ್ಟಿ ಹೀಗೇ ಬಂದು ಗೋಡೆ ಹತ್ರ ನಿಂತ್ರೆ, ಆಗ್ಲೂ ನಗ್ತೀಯೇನೆ?" ಎಂದು ಮೆಲ್ಲಗೆ ಕೇಳಿದರು.

ಉತ್ತರಕ್ಕೆ ಕಾಯಲಿಲ್ಲ. ಮತ್ತೆ ಟೇಪು ಓಡಿಸಿ, ದೊಡ್ಡಮ್ಮನ ಮುಖವನ್ನೇ ನೋಡುತ್ತ ಕೂತರು... ಚಿತ್ರ ಮುಗಿಯುವವರೆಗೂ ದೊಡ್ಡಮ್ಮ ಅಲುಗಾಡದೆ ಕೂತಿದ್ದರು. ನಾನೂ ಏಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ನನಗೆ ಮದುವೆಯೂ ಆದ ಮೇಲೆ, ದೊಡ್ಡಪ್ಪನಿಗೆ ಮರೆವು ಹತ್ತಿತು. ಮೊದಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರನ ಹೆಸರು, ಆಮೇಲೆ ನನ್ನದು, ಕೊನೆಗೆ ಟಿ.ವಿ.ಯಲ್ಲಿ ಓಡುವುದು ಸಿನಿಮಾ ಎನ್ನುವುದೇ ಮರೆತುಹೋಯಿತು. ನಾನು ನೋಡಲು ಹೋದ ಮಧ್ಯಾಹ್ನ ಕಿಟಕಿ ಪರದೆ ಎಳೆದಿತ್ತು. ಅವರ ಮೆಚ್ಚಿನ ಚಿತ್ರ ಓಡುತ್ತಿತ್ತು. ಅದರಲ್ಲಿ ಬಾಗಿಲ ಹಿಡಿ ತಿರುಗಿದ್ದೇ ದೊಡ್ಡಪ್ಪ ಕುರ್ಚಿಯಲ್ಲಿ ಮುದುಡಿ ಚಿಕ್ಕ ಮಕ್ಕಳ ಹಾಗೆ ಕಿರುಚಿದರು. ಪಂಚೆ ಒದ್ದೆಯಾಗಿತ್ತು. ದೊಡ್ಡಮ್ಮ ಸ್ಟೂಲ್ ಹಾಕಿಕೊಂಡು, ಟಿ.ವಿ.ಗೆ ಬೆನ್ನು ಮಾಡಿ, ಅವರ ಎದುರಿಗೇ ಕೂತಿದ್ದರು.

ಆಫ್ ಮಾಡಲೇ ಎಂದು ಕೇಳಿದೆ.

"ಬೇಡ, ಇರ್ಲಿ ಬಿಡು," ಎಂದರು, ಗಂಡನ ಮುಖದಿಂದ ಕಣ್ಣು ತೆಗೆಯದೆ. "ಅವ್ರಿಗೆ ಇದು ತುಂಬ ಇಷ್ಟ."

ಆ ಮಳೆಗಾಲದಲ್ಲೇ ದೊಡ್ಡಪ್ಪ ಹೋದರು. ಈಗ ದೊಡ್ಡಮ್ಮನೂ ಇಲ್ಲ. ಒಳ್ಳೆಯ ಹಳೆಯ ಚಿತ್ರವೊಂದು ಸಿಕ್ಕಿದರೆ ಇವತ್ತಿಗೂ ಮೊದಲು ದೊಡ್ಡಪ್ಪನಿಗೆ ಹೇಳಬೇಕೆನ್ನಿಸುತ್ತದೆ. ಹಾಗನ್ನಿಸಿದ್ದು ದೊಡ್ಡಮ್ಮನಿಗೆ ಗೊತ್ತಾದರೆ ಏನೆಂದುಕೊಂಡಾರು ಎಂದೂ ಅನ್ನಿಸುತ್ತದೆ... ಬಂಗಲೆಯ ಬೀಗ ಹೊಸಬರ ಕೈಗೆ ಕೊಟ್ಟು, ಕತ್ತಲಾಗುವ ಮೊದಲೇ ಘಾಟಿ ಇಳಿದು ಬಂದೆ.