ಊರು ಸುತ್ತಿ ಬಂದ ರವಿಕೆ ಕಣ

ಸಾಗರದ ನಮ್ಮ ಬೀದಿಯ ಟೈಲರಮ್ಮ ಅಂಗೈಯಗಲದ ಬಟ್ಟೆಯನ್ನೂ ಎಸೆದವರಲ್ಲ. ಹೊಲಿದು ಉಳಿದ ಚೂರುಗಳನ್ನೆಲ್ಲ ಗೋಣಿಚೀಲಕ್ಕೆ ತುರುಕುತ್ತ, "ಇರ್ಲಿ, ಕೌದಿಗಾಗ್ತದೆ" ಅನ್ನುತ್ತಿದ್ದರು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರೂ ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ನನ್ನ ಮೊಮ್ಮಗಳಿಗೆ ಅವರು ಚೂರುಬಟ್ಟೆಯ ಕೌದಿ ಹೊಲಿಯುತ್ತಿದ್ದಾಗ ಗೌರಿಹಬ್ಬ ಬಂತು. ಅರಿಶಿನ-ಕುಂಕುಮಕ್ಕೆ ಕರೆದು, ಬೀರುವಿನಲ್ಲಿದ್ದ ಹಸಿರು ರವಿಕೆ ಕಣವೊಂದನ್ನು ಕೊಟ್ಟೆ. ಅವರು ಅದರ ಮಡಿಕೆ ಬಿಚ್ಚಿ ನೋಡಿದವರೇ ಗಟ್ಟಿಯಾಗಿ ನಕ್ಕುಬಿಟ್ಟರು. ಮೂಲೆಯಲ್ಲೊಂದು ಕೆಂಪು ದಾರದ ಗಂಟಿತ್ತು.

"ಇದು ನಾನೇ ಹಾಕಿದ ಗಂಟು, ಅಮ್ಮಾ! ಮೂರು ವರ್ಷದ ಹಿಂದೆ ನಮ್ಮನೆ ಪೂಜೇಲಿ ಕೊಟ್ಟಿದ್ದೆ. ಎಷ್ಟು ಮನೆ ಸುತ್ತಿ ಬರ್ತದೆ ನೋಡಣ ಅಂತ."

ನನಗೆ ತಲೆ ಎತ್ತಲಾಗಲಿಲ್ಲ. "ಅಷ್ಟು ವರ್ಷದಲ್ಲಿ ಒಬ್ರೂ ಹೊಲಿಸ್ಕೊಂಡಿಲ್ವಾ?" ಎಂದೆ.

"ಟೈಲರ್ ನಾನೇ ಹೊಲ್ಕೊಂಡಿಲ್ಲ! ನಂಗೂ ಯಾರೋ ಕೊಟ್ಟಿದ್ದೇ ಅದು."

ವಾರ ಕಳೆದು ಕೌದಿ ಬಂತು. ನಟ್ಟನಡುವೆ ಆ ಹಸಿರು ಕಣ, ಮೂಲೆಯ ಕೆಂಪು ಗಂಟೂ ಹಾಗೇ ಇತ್ತು.

"ಇನ್ನಿದನ್ನ ಯಾರಿಗೂ ದಾಟಿಸಕ್ಕಾಗಲ್ಲ" ಅಂದರು ಟೈಲರಮ್ಮ.

ಮೊಮ್ಮಗಳು ಆವತ್ತೇ ಅದರ ಮೇಲೆ ಉಚ್ಚೆ ಹೊಯ್ದು ಆ ಮಾತಿಗೆ ಮುದ್ರೆ ಒತ್ತಿದಳು.