ಕೊಕ್ಕೆಯಲ್ಲಿ ಉಳಿದ ಬಿಲ್ಲೆ

ನಮ್ಮ ಮೆಸ್ಸಿನ ತಟ್ಟೆಗಳು ದಿನಕ್ಕೆರಡು ಸಲ ತಾವಾಗಿಯೇ ಸದ್ದು ಮಾಡುತ್ತವೆ. ಕೆಳಗೆ ಗಣಿಯಲ್ಲಿ ಮದ್ದು ಸಿಡಿಸಿದಾಗ ನೆಲ ನಡುಗಿ, ಗೂಡಿನಲ್ಲಿ ಜೋಡಿಸಿಟ್ಟ ಸ್ಟೀಲು ತಟ್ಟೆಗಳು ಒಂದಕ್ಕೊಂದು ತಾಗುತ್ತವೆ. ಹೊಸ ಹುಡುಗರು ಅನ್ನ ಬಿಟ್ಟು ಎದ್ದು ನಿಲ್ಲುತ್ತಾರೆ. ಮದುವೆಯಾಗಿ ತೆಲುಗು ಸೀಮೆಯ ಈ ಕಲ್ಲಿದ್ದಲ ಊರಿಗೆ ಬಂದ ಹೊಸದರಲ್ಲಿ ನಾನೂ ಹಾಗೇ ನಿಂತಿದ್ದೆ. ಈಗ ಸದ್ದಾಗದಿದ್ದರೇ ನನಗೆ ಭಯ.

ಗಣಿ ಕಾಲೇಜಿನ ಮಕ್ಕಳಿಗೆ ಅನ್ನ ಹಾಕುತ್ತಲೇ ನನ್ನ ತಲೆ ನೆರೆತಿದೆ. ಬಂದವರ ಹೆಸರೆಲ್ಲ ನೆನಪಿಲ್ಲ. ಶ್ರವಂತಿಯನ್ನು ಮಾತ್ರ ಮರೆಯುವ ಹಾಗಿಲ್ಲ. ಹೆಣ್ಣುಮಕ್ಕಳು ಗಣಿಯೊಳಗೆ ಇಳಿಯಬಹುದೆಂದು ಸರ್ಕಾರ ಆಗಷ್ಟೇ ಒಪ್ಪಿತ್ತು. ಆ ವರ್ಷ ಸೇರಿದ ನಾಲ್ವರು ಹುಡುಗಿಯರಲ್ಲಿ ಮೂವರು ದಸರೆಯೊಳಗೇ ಕಂಪ್ಯೂಟರಿನ ಕಡೆಗೆ ಹಾರಿದರು. ಇವಳು ಉಳಿದಳು. ಇವಳ ಅಪ್ಪ ತಾಳೆ ಮರ ಹತ್ತಿ ಕಳ್ಳು ಇಳಿಸುವವನು. ಅಪ್ಪ ಮೇಲಕ್ಕೆ, ಮಗಳು ಪಾತಾಳಕ್ಕೆ, ನೆಲದ ಮೇಲೆ ನಿಲ್ಲುವವರು ನಿಮ್ಮ ಮನೆಯಲ್ಲಿ ಯಾರೂ ಇಲ್ಲವೇ ಎಂದು ನಾನು ರೇಗಿಸುತ್ತಿದ್ದೆ.

ಓದು ಅವಳಿಗೆ ಸಲೀಸಾಗಿ ಬರಲಿಲ್ಲ. ಹಳ್ಳಿಯ ತೆಲುಗು ಶಾಲೆಯಲ್ಲಿ ಓದಿದವಳು, ಇಲ್ಲಿ ಎಲ್ಲವೂ ಇಂಗ್ಲಿಷು. ಮೊದಲ ವರ್ಷ ಮೂರು ವಿಷಯ ಹೋಯಿತು. ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಳು. ನಾನು ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿಗೆ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಿಂದ ಲೆಕ್ಕ ಬರೆಯುತ್ತ ಕೂತಿರುತ್ತಿದ್ದಳು. ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಅದೇ ಲೆಕ್ಕ ಮತ್ತೆ. ನಾನು ಬೈದರೆ ಕಾಲು ಮಡಚಿ ಜಾಗ ಕೊಡುವಳು, ಏಳುವವಳಲ್ಲ. ಉಡದ ಪಟ್ಟು ಅನ್ನುತ್ತಾರಲ್ಲ, ಅದು. ಇಂಥ ಪಟ್ಟು ಕಂಡರೆ ಜನ ಮೆಚ್ಚುತ್ತಾರೆ. ನನಗೆ ಹೆದರಿಕೆಯಾಗುತ್ತಿತ್ತು. ಗಣಿ ಹಟಮಾರಿಗಳನ್ನು ಹೇಗೆ ನೋಡಿಕೊಳ್ಳುತ್ತದೆಂದು ನಾನು ಕಂಡಿದ್ದೇನೆ.

ಮೂರನೆಯ ವರ್ಷ ಗಣಿಯೊಳಗಿನ ತರಬೇತಿ ಶುರುವಾಯಿತು. ಅದಾಗದೆ ಡಿಗ್ರಿ ಇಲ್ಲ. ಒಳಗೆ ಇಳಿಯುವ ಪ್ರತಿಯೊಬ್ಬರೂ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಗಣಿ ಬಾಯಿಯ ಹಲಗೆಗೆ ತೂಗುಹಾಕಿ ಹೋಗಬೇಕು, ಹೊರಬಂದ ಮೇಲೆ ತೆಗೆದುಕೊಳ್ಳಬೇಕು. ಪಾಳಿ ಮುಗಿದ ಮೇಲೂ ಕೊಕ್ಕೆಯಲ್ಲಿ ಬಿಲ್ಲೆ ಉಳಿಯಿತೆಂದರೆ ಆ ಜೀವ ಒಳಗೇ ಇದೆ ಎಂದು ಅರ್ಥ. ಸೈರನ್ ಕೂಗುತ್ತದೆ, ಹುಡುಕಲು ಜನ ಇಳಿಯುತ್ತಾರೆ. ನಮ್ಮ ಊರಿನ ಮಕ್ಕಳಿಗೆ ಅಆಇಈಗಿಂತ ಮುಂಚೆ ಇದು ಗೊತ್ತು.

ಅವಳಿಗೆ ಕೊಟ್ಟ ಕೆಲಸ ಸರ್ವೆ. ಗಣಿಯ ಓಣಿಗಳನ್ನು ಅಳೆಯುತ್ತ ಹೋಗಿ, ಹೊರಟ ಜಾಗಕ್ಕೇ ಲೆಕ್ಕ ಬಂದು ಕೂಡಬೇಕು. ಮಳೆಗಾಲವಿಡೀ ಅದು ಕೂಡಲಿಲ್ಲ. ಹೆಂಗಸಿನ ಕೈಲಿ ಅಳತೆ ನಿಲ್ಲುತ್ತದೆಯೇ ಎಂದು ಅವಳ ಮೇಷ್ಟ್ರು ಎಲ್ಲರೆದುರು ಅಂದಿದ್ದರಂತೆ. ನನಗೆ ಸಿಕ್ಕಿದ್ದರೆ ಆ ಪುಣ್ಯಾತ್ಮನಿಗೆ ಒಂದು ವಾರ ಉಪ್ಪಿಲ್ಲದ ಸಾರು ಹಾಕುತ್ತಿದ್ದೆ.

ಒಂದು ಸಂಜೆ ಲೆಕ್ಕ ಕೂಡಿತು. ಸರ್ವೆಯವರ ಜೊತೆ ಅಳೆಯುತ್ತ ಹೋಗಿದ್ದವಳು, ಇಳಿದ ಬಾಯಿಗೆ ವಾಪಸಾಗದೆ ಹತ್ತಿರವಿದ್ದ ಇನ್ನೊಂದು ಬಾಯಿಯಿಂದ ಹೊರಬಂದಳು. ಸರ್ವೆಯವರ ಬಿಲ್ಲೆಗಳಿದ್ದದ್ದು ಆ ಬಾಯಿಯಲ್ಲೇ, ಇವಳದು ಮಾತ್ರ ಮೊದಲ ಬಾಯಿಯಲ್ಲಿತ್ತು. ಹಾಗೆ ಬಂದರೆ ಮೊದಲ ಬಾಯಿಗೆ ಫೋನು ಮಾಡಿ ಹೇಳಬೇಕು. ಅವಳು ಮಾಡಲಿಲ್ಲ. ಖುಷಿಯಲ್ಲಿ ಓಡೋಡಿ ಮೆಸ್ಸಿಗೆ ಬಂದು, ಜೋಳದ ರೊಟ್ಟಿ, ಪುಂಡಿಪಲ್ಯ ಹೊಟ್ಟೆ ತುಂಬ ತಿಂದು ಮಹಡಿಗೆ ಹೋಗಿ ಮಲಗಿದಳು.

ಸೈರನ್ ಕೂಗಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಬೀದಿಯ ಹೆಂಗಸರೆಲ್ಲ ಗಣಿ ಬಾಯಿಗೆ ಓಡಿದರು. ಶ್ರವಂತಿಯೂ ಚಪ್ಪಲಿಯಿಲ್ಲದೆ ನನ್ನ ಜೊತೆ ಓಡಿಬಂದಳು. ಜನರ ನಡುವೆ ನುಗ್ಗಿ, ಯಾರು ಸಿಕ್ಕಿಕೊಂಡಿದ್ದಾರೆ, ಯಾರದು ಬಿಲ್ಲೆ ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದಳು. ಯಾರೋ ಒಬ್ಬ ಮುದುಕ ತಿರುಗಿ ನೋಡದೆಯೇ ಹೇಳಿದ.

"ಕಾಲೇಜಿನ ಹುಡುಗೀದಂತೆ ತಾಯಿ. ಅದೇ, ಕಳ್ಳಿಳಿಸೋರ ಮಗಳು."

ಅವಳು ಹಲಗೆಯ ಕಡೆ ತಿರುಗಿ ತನ್ನ ನಂಬರು ನೋಡಿದಳು. ಹುಡುಗಿ ಇಲ್ಲೇ ಇದ್ದಾಳೆ ಎಂದು ನಾನೇ ಕೂಗಿ ಹೇಳಿದೆ. ಕೆಳಗಿದ್ದವರಿಗೆ ಫೋನು ಹೋಯಿತು. ಅವರು ಹಿಂದಿರುಗುವ ದಾರಿಯಲ್ಲಿ ಹಳೆಯ ಓಣಿಯೊಂದರ ಸೂರು ಕಳಚಿಬಿತ್ತು. ಹುಡುಕಲು ಇಳಿದಿದ್ದವರಲ್ಲಿ ನನ್ನ ಮೈದುನ ಓದೇಲುವೂ ಇದ್ದ. ಅವನ ಬಲಗಾಲನ್ನು ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ತೆಗೆದರು.

ಆ ಹುಡುಗಿಯ ತಟ್ಟೆಗೆ ಮಾರನೆಯ ದಿನವೂ ನಾನು ಅನ್ನ ಹಾಕಿದೆ, ಮುಖ ನೋಡದೆ ಹಾಕಿದೆ. ಕೋಪವಿತ್ತು. ಸುಳ್ಳು ಯಾಕೆ ಹೇಳಲಿ?

ನಮ್ಮಲ್ಲೊಂದು ಕಟ್ಟುಪಾಡಿದೆ. ಯಾರ ಬಿಲ್ಲೆಯ ದೆಸೆಯಿಂದ ಇನ್ನೊಬ್ಬನ ಮೈಮೇಲೆ ಕಲ್ಲು ಬಿತ್ತೋ, ಅವರ ಬಿಲ್ಲೆಯನ್ನು ಪೆಟ್ಟು ತಿಂದವನೇ ತನ್ನ ಕೈಯಿಂದ ಮತ್ತೆ ಹಲಗೆಗೆ ಹಾಕಬೇಕು. ಅಲ್ಲಿಯವರೆಗೆ ಯಾವ ಗುಂಪೂ ಅವರ ಜೊತೆ ಇಳಿಯುವುದಿಲ್ಲ. ಮ್ಯಾನೇಜರು ಹೇಳಿದರೂ ಇಳಿಯುವುದಿಲ್ಲ. ಕಾಲೇಜಿನವರು ಬೇರೆ ವಿಭಾಗಕ್ಕೆ ಹೋಗಮ್ಮ ಎಂದರು. ಅಪ್ಪ ಬಂದು ಊರಿಗೆ ಕರೆದ. ಅವಳು ಪುಸ್ತಕದ ಚೀಲ ಹೊತ್ತು ಓದೇಲುವಿನ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತಳು.

ಮೊದಲ ದಿನ ಅವನ ಹೆಂಡತಿ ಪೊರಕೆ ತಂದಳು. ಶ್ರವಂತಿ ಎದ್ದು ಬೀದಿಯ ಆಚೆ ಬದಿಗೆ ಹೋಗಿ ಕೂತಳು, ಮರುದಿನ ಮತ್ತೆ ಮೆಟ್ಟಿಲಿಗೆ ಬಂದಳು. ಕ್ಷಮಿಸು ಎಂದು ಒಂದೇ ಸಲ ಕೇಳಿದ್ದು. ಆಮೇಲೆ ಕಾಲೇಜು ಬಿಟ್ಟ ಮೇಲೆ ಬರುವಳು, ಬೆಳಕಿರುವವರೆಗೆ ಓದುವಳು, ಹೋಗುವಳು. ಓದೇಲು ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಚಳಿಗಾಲ ಕಳೆದು ಬಿಸಿಲು ಬಂತು. ಅವಳ ಜೊತೆಯ ಹುಡುಗರ ತರಬೇತಿ ಮುಗಿಯುತ್ತ ಬಂತು. ಗಂಡಾಂತರ ಮನೆ ಬಾಗಿಲಲ್ಲೇ ಕೂತಿದೆ ಎಂದು ಬೀದಿಯವರು ಆಡಿಕೊಂಡರು. ನಾನೂ ಒಮ್ಮೆ, ಏನಾದೀತೆಂದು ಕೂತಿದ್ದೀಯ, ಅವನ ಕಾಲು ಚಿಗುರುತ್ತದೆಯೇ ಎಂದುಬಿಟ್ಟೆ. ಅವಳು ಪುಸ್ತಕದ ಪುಟ ತಿರುವಿದಳು.

ಒಂದು ಸಂಜೆ ನಾನು ಓದೇಲುವಿಗೆ ಅಂಬಲಿ ಒಯ್ದಿದ್ದೆ. ಅವಳು ಹೊರಗೆ ಏನೋ ಗೊಣಗುತ್ತ ಲೆಕ್ಕ ಮಾಡುತ್ತಿದ್ದಳು. ಅಷ್ಟು ದಿನ ತುಟಿ ಬಿಚ್ಚದವನು ಗೋಡೆಯ ಕಡೆಯಿಂದಲೇ ಕೇಳಿದ.

"ಏನೇ ಅದು, ದಿನಾ ಅದೇ ಗೊಣಗ್ತೀಯ?"

"ಸೂರಿನ ಭಾರ, ಬಾಬಾಯಿ," ಎಂದಳು. ಚಿಕ್ಕಪ್ಪ ಎಂದು ಕರೆಯುವಷ್ಟು ಧೈರ್ಯ ಎಲ್ಲಿಂದ ಬಂತೋ. "ನಿನ್ ಮೇಲೆ ಬಿತ್ತಲ್ಲ, ಆ ಓಣೀದೇ."

ನಾನು ಅಂಬಲಿಯ ಚೊಂಬು ಹಿಡಿದು ಹಾಗೇ ನಿಂತೆ. ಅವನು ಗೋಡೆಗೆ ಅಂಗೈ ಊರಿ ಕೇಳಿದ.

"ಬೀಳುತ್ತೆ ಅಂತ ಮೊದ್ಲೇ ಗೊತ್ತಾಗ್ತಿತ್ತಾ?"

"ಲೆಕ್ಕ ಸರಿಯಾಗಿ ಮಾಡೋರಿದ್ದಿದ್ರೆ ಗೊತ್ತಾಗ್ತಿತ್ತು. ನಂಗಿನ್ನೂ ಬರ್ತಿಲ್ಲ."

"ಬರೋವರ್ಗೂ ಮಾಡು," ಎಂದು ಅವನು ಈ ಕಡೆಗೆ ಹೊರಳಿದ.

ಬೇಸಿಗೆಯ ಕೊನೆಗೆ ಒಂದು ಬೆಳಿಗ್ಗೆ ಓದೇಲು ಊರುಗೋಲು ಹಿಡಿದು ಗಣಿ ಬಾಯಿಗೆ ಬಂದ. ಪಾಳಿಯ ಜನರೆಲ್ಲ ದಾರಿ ಬಿಟ್ಟರು. ಅವಳ ಕೈಯಿಂದ ಬಿಲ್ಲೆ ತೆಗೆದುಕೊಂಡು ಕೊಕ್ಕೆಗೆ ಹಾಕಿದ. ಹಲಗೆಯ ಕೆಳಗಿನ ಬೆಂಚಿನ ಮೇಲೆ ಕೂತು ಹೇಳಿದ.

"ನೀ ಬರೋವರ್ಗೂ ಇಲ್ಲೇ ಇರ್ತೀನಿ. ಬಂದ್ಮೇಲೆ ಬಾಯಿಬಿಟ್ಟು 'ಬಂದೆ' ಅನ್ಬೇಕು. ಈ ಸಲ ಹುಡುಕೋಕೆ ಬರೋಕೆ ನಂಗೆ ಕಾಲಿಲ್ಲ."

ಅಂದು ಮಧ್ಯಾಹ್ನ ಅವನಿಗೆ ಊಟ ಒಯ್ದೆ, ಮುಟ್ಟಲಿಲ್ಲ. ಮದ್ದು ಸಿಡಿದು ಬೆಂಚು ನಡುಗಿತು, ಹಲಗೆಯ ಬಿಲ್ಲೆಗಳೆಲ್ಲ ಸಣ್ಣಗೆ ಅಲುಗಾಡಿದವು. ಸಂಜೆ ಪಾಳಿ ಮುಗಿದು ಜನ ಬರತೊಡಗಿದರು. ಒಂದೊಂದೇ ಬಿಲ್ಲೆ ಇಳಿಯಿತು. ಕೊನೆಗೆ ಒಂದೇ ಉಳಿಯಿತು. ಇಳಿಯುವವರಿಗೆ ದೀಪ ಕೊಡುವ ಲ್ಯಾಂಪ್ ರೂಮಿನವನು ಸೈರನ್ನಿನ ಕಡೆ ನೋಡಿದ. ಓದೇಲು ಬೇಡವೆಂದು ಕೈಯೆತ್ತಿದ. ಗಣಿಯ ಬಾಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಬೇರೆ ಏನೂ ಬರುತ್ತಿರಲಿಲ್ಲ. ನಾನು ಈ ಸೀಮೆಯ ಕಾಡುದೇವಿ ಸಮ್ಮಕ್ಕ ತಾಯಿಗೆ ನನ್ನ ತೂಕದಷ್ಟು ಬೆಲ್ಲ ಹರಕೆ ಹೊತ್ತೆ.

ಆಮೇಲೆ ಕೆಳಗೆ ಒಂದು ದೀಪ ಕಂಡಿತು. ಅವಳು ಮೈಯೆಲ್ಲ ಕಪ್ಪಾಗಿ ಹತ್ತಿ ಬಂದಳು. ಆ ಹಳೆಯ ಓಣಿಯ ಮುಂದೆ ನಿಂತು ಸೂರನ್ನು ಅಳೆದು ಬಂದಿದ್ದಳಂತೆ. ಬೆಂಚಿನ ಮುಂದೆ ನಿಂತು, ಬಾಯಿಬಿಟ್ಟು, "ಬಂದೆ ಬಾಬಾಯಿ," ಎಂದಳು.

ಓದೇಲು ಊರುಗೋಲು ಊರಿ ಎದ್ದು, ಬಿಲ್ಲೆ ತೆಗೆದು ಮುಷ್ಟಿಯಲ್ಲಿ ಬಿಗಿಹಿಡಿದ. ಕೊಡಲು ಕೈ ಚಾಚಿದ, ಆದರೆ ಬೆರಳು ಬಿಚ್ಚಲಿಲ್ಲ. ನಾನು ಒಂದೊಂದೇ ಬೆರಳು ಬಿಡಿಸಿದೆ. ಅಂಗೈಯಲ್ಲಿ ಅವಳ ನಂಬರು ಅಚ್ಚೊತ್ತಿತ್ತು.

"ನಾಳೆ ಲೇಟ್ ಮಾಡ್ಬೇಡ," ಎಂದ.